ಅಪ್ಪನ ಪಂಪಿಂಗ್ 30. "ಎಲ್ಲಾ ಅವನ ಸ್ವಭಾವದಿಂದಲೇ ಆಗಿದ್ದು" ಅಂತಾರೆ ದೊಡ್ಡಪ್ಪ. ನಿಜವಾ?

ಅರಸೀಕೆರೆ ತೆಂಗು · ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 67. ಪ್ರೈಮರಿ ಶಾಲೆ ಮೇಷ್ಟ್ರಾಗಿ ರಿಟೈರಾದವರು. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದರು. ಆಮೇಲೆ ಚೆನ್ನಾಗೇ ಇದ್ದಾರೆ ಅಂದುಕೊಂಡಿದ್ದೆವು. ಹೋದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ನೋಡಿದರೆ, ಅಪ್ಪ ಹಜಾರದಲ್ಲಿ ಕುರ್ಚಿ ಮೇಲೆ ಕೂತು ಮೇಜಿಗೆ ತಲೆ ಆನಿಸಿಕೊಂಡಿದ್ದಾರೆ. "ಏನ್ರೀ ಇದು?" ಅಂದರೆ "ಸೆಕೆ" ಅಂದರಂತೆ. ನಮ್ಮೂರಲ್ಲಿ, ಚಳಿಗಾಲದಲ್ಲಿ, ಸೆಕೆ!

ಆಸ್ಪತ್ರೆಗೆ ಕರ್ಕೊಂಡು ಹೋದೆವು. ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿದರು, ಪಂಪಿಂಗ್ 30 ಅಂದರು. ಅಂದರೆ ಒಂದೊಂದು ಬಡಿತಕ್ಕೆ ಹಾರ್ಟು ತನ್ನೊಳಗಿನ ರಕ್ತದಲ್ಲಿ ನೂರಕ್ಕೆ 30ರಷ್ಟನ್ನ ಮಾತ್ರ ಹೊರಗೆ ತಳ್ಳುತ್ತೆ, ಇದು ಹಾರ್ಟ್ ಫೇಲ್ಯೂರ್ ಅಂತೆ. ಐದು ದಿನದಲ್ಲಿ ಮೈಯಿಂದ ನೀರು ಇಳಿಸಿದ್ದೇ ಆರು ಕೇಜಿ. ಆಮೇಲೆ ಒಂದೊಂದೇ ಹೊರಗೆ ಬಂತು. ಹದಿನೈದು ದಿನದಿಂದ ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಕಾಲು ಊದಿದ್ದು ಪಂಚೆಯೊಳಗೆ ನಮಗೆ ಕಾಣಲೇ ಇಲ್ಲ. ಮನೆಗೆ ಬಂದ ಮೇಲೆ ಬಾಗಿಲ ಹತ್ತಿರ ಅವರ ಚಪ್ಪಲಿ ಎತ್ತಿ ನೋಡಿದೆ. ಪಾದದ ಮೇಲಿನ ಪಟ್ಟಿಯನ್ನು ಎರಡೂ ಕಡೆ ಬ್ಲೇಡಲ್ಲಿ ನೀಟಾಗಿ ಕೊಯ್ದು ಸಡಿಲ ಮಾಡಿಕೊಂಡಿದ್ದರು. ಚಪ್ಪಲಿ ಕೊಯ್ಯೋಕೆ ಬಂತು, ಬಾಯಿಬಿಟ್ಟು ಒಂದು ಮಾತು ಹೇಳೋಕೆ ಬರಲಿಲ್ಲ.

ದೊಡ್ಡಪ್ಪ ಆಸ್ಪತ್ರೆಗೆ ಬಂದವರು ಅಮ್ಮನ ಎದುರಿಗೇ "ಅವನು ಚಿಕ್ಕಂದಿನಿಂದ ಹಾಗೇ, ಎಲ್ಲಾ ಒಳಗೇ ಇಟ್ಕೊಂಡು ಕೊರಗೋನು. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಹಾರ್ಟು ಹಾಳಾಗದೆ ಇನ್ನೇನಾಗುತ್ತೆ" ಅಂದುಬಿಟ್ಟರು. ಅಮ್ಮನಿಗೆ ಅದು ತನಗೇ ಅಂದ ಹಾಗಾಗಿ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ.

ಕೇಳಬೇಕಾಗಿದ್ದು ಇಷ್ಟೇ. ಮನುಷ್ಯನ ಸ್ವಭಾವಕ್ಕೂ ಹಾರ್ಟ್ ಫೇಲ್ಯೂರಿಗೂ ನಿಜವಾಗಿ ಸಂಬಂಧ ಇದೆಯಾ? ಇದ್ದರೆ 67ರ ವಯಸ್ಸಿನವರನ್ನ ನಾವು ಹೇಗೆ ಬದಲಾಯಿಸೋದು?

---

ಬೆಳಗಿನ ವಾಕಿಂಗ್ · ಸೋಮವಾರ, ಬೆಳಿಗ್ಗೆ 6:05

ತಾಯಿ, ಮನಸ್ಸೇ ಎಲ್ಲಕ್ಕೂ ಮೂಲ. ನಮ್ಮ ಪಾರ್ಕಿನಲ್ಲಿ ನಗೆಕೂಟ ಇದೆ, ಎಪ್ಪತ್ತು ದಾಟಿದವರು ಹನ್ನೊಂದು ಜನ ಇದ್ದೇವೆ, ಒಬ್ಬರಿಗೂ ಹೃದಯದ ತೊಂದರೆ ಇಲ್ಲ. ಅಪ್ಪನನ್ನು ನಗಿಸಿ, ಒಳ್ಳೆಯದನ್ನೇ ಯೋಚಿಸಲು ಹೇಳಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

---

ಪಂಪಿಂಗ್ 25 · ಸೋಮವಾರ, ಬೆಳಿಗ್ಗೆ 8:20

ವಾಕಿಂಗ್ ಸರ್, ಹಾರ್ಟಿನ ತ್ರಾಸ ಇದ್ದಾವರು ನಿಮ್ಮ ಪಾರ್ಕಿಗೆ ಬಂದ ನಗೂದಿಲ್ರಿ, ಮನ್ಯಾಗ ಕುಂತಿರ್ತಾರ. ಅದಕ್ಕ ನಿಮಗ ಕಾಣ್ಸೂದಿಲ್ಲ.

ನಾ ಹುಬ್ಬಳ್ಳಿ ಕಡೆಯಾಂವ. ನಮ್ಮ ಓಣ್ಯಾಗ ನನ್ನಷ್ಟು ನಗೂ ಮನುಷ್ಯಾ ಯಾರೂ ಇಲ್ಲ. ಮದವಿ ಮನ್ಯಾಗ ನಾ ಇಲ್ಲಂದ್ರ ಪಂಗತಿ ಏಳೂದಿಲ್ಲ. 46ನೇ ವಯಸ್ಸಿನಾಗ ಹಾರ್ಟ್ ದೊಡ್ಡದಾಗೇತಿ ಅಂದ್ರು, ಪಂಪಿಂಗ್ 25. ಬ್ಲಾಕ್ ಇಲ್ಲ, ಬಿಪಿ ಇಲ್ಲ, ಚಿಂತಿ ಅಂತೂ ಮೊದಲ ಇಲ್ಲ. ಹಂಗಾದ್ರ ನನಗ ಯಾಕ ಬಂತು? ಭಾಳ ನಕ್ಕಿದ್ದಕ್ಕ?

ತಂಗೀ, ನಿಮ್ಮ ಅವ್ವಗ ಹೇಳ, ಅವರದೇನೂ ತಪ್ಪಿಲ್ಲ. ಅಟ್ಯಾಕ್ ಆದಾಗ ಹಾರ್ಟಿನ ಸ್ನಾಯು ಒಂದಿಷ್ಟು ಸತ್ತಿರತೈತಿ, ಉಳದದ್ದು ನಾಕು ವರ್ಷ ಎಳದೈತಿ. ಅಷ್ಟ.

---

ಅಳತೆಗೋಲು · ಸೋಮವಾರ, ಮಧ್ಯಾಹ್ನ 1:15

ಮನಶ್ಶಾಸ್ತ್ರ ಓದಿ, ಈಗ ಅದನ್ನೇ ಪಾಠ ಮಾಡ್ತಿರೋದರಿಂದ ಗೊತ್ತಿರೋದು ಹೇಳ್ತೀನಿ.

ನಿಮ್ಮ ದೊಡ್ಡಪ್ಪ ಹೇಳಿದ ಮಾತು ಹೊಸದಲ್ಲ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಹೃದಯತಜ್ಞರು, ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, "ಟೈಪ್ ಎ" ಅಂತ ಒಂದು ಸ್ವಭಾವವನ್ನ ವಿವರಿಸಿದರು. ಸದಾ ಅವಸರ, ಪೈಪೋಟಿ, ಮೂಗಿನ ತುದಿಯಲ್ಲೇ ಕೋಪ. ಅವರ ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿತ್ತು, ಅಂದರೆ ಯಾರೂ ಹಿಂದಕ್ಕೆ ಒರಗಿ ಕೂರ್ತಿರಲಿಲ್ಲ ಅನ್ನೋ ಕಥೆ ಪ್ರಸಿದ್ಧ. ಮೊದಮೊದಲು ಲೆಕ್ಕ ಅವರ ಪರವಾಗೇ ಬಂತು. 1988ರ ಹೊತ್ತಿಗೆ ಅವರದೇ ದೊಡ್ಡ ಅಧ್ಯಯನದಲ್ಲಿದ್ದ ಹೃದ್ರೋಗಿಗಳನ್ನ ಮತ್ತೆ ನೋಡಿದರೆ, ಟೈಪ್ ಎ ಜನ ಸಾಯೋದು ಉಳಿದವರಿಗಿಂತ ಕಡಿಮೆಯೇ! ಇನ್ನೊಂದು ವಿಷಯ ಕೇಳಿ: ಈ ಟೈಪ್ ಎ ಸಂಶೋಧನೆಗೆ ಸಿಗರೇಟು ಕಂಪನಿಗಳು ವರ್ಷಗಟ್ಟಲೆ ದುಡ್ಡು ಸುರಿದವು. ಹಾರ್ಟ್ ಕೆಟ್ಟಿದ್ದು ಹೊಗೆಯಿಂದಲ್ಲ, ನಿನ್ನ ಸ್ವಭಾವದಿಂದ ಅಂದರೆ ಯಾರಿಗೆ ಲಾಭ, ನೀವೇ ಯೋಚಿಸಿ.

ನಿಮ್ಮ ತಂದೆಯಂಥವರ ಬಗ್ಗೆ ಬಂದದ್ದು ಆಮೇಲೆ. ಯೋಹಾನ್ ಡೆನೊಲೆ ಅನ್ನುವವರು ಬೆಲ್ಜಿಯಂನಲ್ಲಿ 303 ಹೃದ್ರೋಗಿಗಳನ್ನ ಹಲವು ವರ್ಷ ಗಮನಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅವರು ನೋಡಿದ್ದು ಎರಡು ಗುಣ. ಒಂದು, ಸದಾ ಮನಸ್ಸಲ್ಲಿ ಚಿಂತೆ, ಬೇಸರ, ಕಿರಿಕಿರಿ. ಎರಡು, ಅದನ್ನ ಯಾರ ಮುಂದೆಯೂ ಹೇಳದೆ ಬಿಗಿಹಿಡಿಯೋದು. ಎರಡೂ ಒಟ್ಟಿಗಿದ್ದರೆ ಅದು "ಟೈಪ್ ಡಿ". ಆ ಗುಂಪಿನಲ್ಲಿ ನೂರಕ್ಕೆ 27 ಜನ ತೀರಿಕೊಂಡಿದ್ದರು, ಉಳಿದವರಲ್ಲಿ ನೂರಕ್ಕೆ 7. ಇದನ್ನ ಅಳೆಯೋಕೆ 2005ರಲ್ಲಿ 14 ಪ್ರಶ್ನೆಗಳ ಪಟ್ಟಿ ಬಂತು, ಚಿಂತೆಗೆ ಏಳು, ಮೌನಕ್ಕೆ ಏಳು. ಎರಡರಲ್ಲೂ ತಲಾ 28ಕ್ಕೆ 10 ಅಥವಾ ಹೆಚ್ಚು ಬಂದರೆ ನೀವು ಟೈಪ್ ಡಿ.

---

ಸುಮ್ನೆ ಒಬ್ಬ · ಸೋಮವಾರ, ಮಧ್ಯಾಹ್ನ 1:50

ಹತ್ತಕ್ಕೆ ಬಂದರೆ ಡಿ, ಒಂಬತ್ತಕ್ಕೆ ಬಂದರೆ ಬಚಾವ್. ಜಾತಕಕ್ಕೂ ಇದಕ್ಕೂ ಏನು ವ್ಯತ್ಯಾಸ ಸ್ವಾಮಿ? ಮೇಷ, ವೃಷಭದ ಬದಲು ಎ, ಡಿ.

---

ಅಳತೆಗೋಲು · ಸೋಮವಾರ, ಸಂಜೆ 5:30

ಕುಟುಕಿದ್ದು ಸರಿಯಾದ ಜಾಗಕ್ಕೇ. ಹೀಗೆ ಗೆರೆ ಎಳೆದು ಜನರನ್ನ ಎರಡು ಗುಂಪು ಮಾಡೋದಕ್ಕೆ ಸಂಖ್ಯಾಶಾಸ್ತ್ರದವರ ತಕರಾರು ಮೊದಲಿಂದ ಇದೆ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2011ರಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ 700ಕ್ಕೂ ಹೆಚ್ಚು ಹಾರ್ಟ್ ಫೇಲ್ಯೂರ್ ರೋಗಿಗಳನ್ನ ಒಂದೂವರೆ ವರ್ಷ ಹಿಂಬಾಲಿಸಿ ನೋಡಿದರು. ಟೈಪ್ ಡಿ ಆದವರೂ ಅಲ್ಲದವರೂ ಬದುಕುಳಿಯುವುದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಹಾಗಾಗಿ "ಒಳಗೇ ಕೊರಗೋನು ಬೇಗ ಸಾಯ್ತಾನೆ" ಅಂತ ಹಾರ್ಟ್ ಫೇಲ್ಯೂರ್ ವಿಷಯದಲ್ಲಿ ಹೇಳೋ ಹಾಗಿಲ್ಲ. ದೊಡ್ಡಪ್ಪನಿಗೆ ತಿಳಿಸಿ.

ನಿಮ್ಮ ಚಪ್ಪಲಿ ಕಥೆ ಓದಿದಾಗ ನೆನಪಾದದ್ದು ಇನ್ನೊಂದು, 2007ರದ್ದು, ಅದೂ ಅಲ್ಲಿನದೇ. 178 ಹಾರ್ಟ್ ಫೇಲ್ಯೂರ್ ರೋಗಿಗಳು. ಟೈಪ್ ಡಿ ಆದವರಿಗೆ ಉಸಿರಾಟದ ತೊಂದರೆ, ಸುಸ್ತು ಇತ್ಯಾದಿ ಹೆಚ್ಚು ಇತ್ತು, ಅದರ ಬಗ್ಗೆ ಭಯವೂ ಹೆಚ್ಚಿತ್ತು. ಆದರೆ ಅದನ್ನ ಡಾಕ್ಟರಿಗೋ ನರ್ಸಿಗೋ ಹೇಳಿದ್ದು ಮಾತ್ರ ಕಡಿಮೆ. ನನಗೆ ಇಡೀ ಟೈಪ್ ಡಿ ಪುರಾಣದಲ್ಲಿ ಕೆಲಸಕ್ಕೆ ಬರೋದು ಇದೊಂದೇ ಅನಿಸುತ್ತೆ. ಸ್ವಭಾವ ಹಾರ್ಟನ್ನ ಕೆಡಿಸ್ತೋ ಬಿಡ್ತೋ, ಕೆಟ್ಟ ಸುದ್ದಿಯನ್ನ ಮಾತ್ರ ತಡೆದು ಕೂರಿಸುತ್ತೆ.

---

ಐಂಡ್‌ಹೋವನ್ ಕನ್ನಡಿಗ · ಸೋಮವಾರ, ರಾತ್ರಿ 11:55

ಟೈಪ್ ಡಿ ಸಂಶೋಧನೆ ಬೆಳೆದ ಟಿಲ್ಬರ್ಗ್ ಯೂನಿವರ್ಸಿಟಿ ನಮ್ಮ ಊರಿಂದ ರೈಲಲ್ಲಿ ಅರ್ಧ ಗಂಟೆ. ನಗು ಬರೋದೇನಂದರೆ, ಈ ಡಚ್ಚರು ಮುಖಕ್ಕೆ ಹೊಡೆದ ಹಾಗೆ ಮಾತಾಡೋ ಜನ. "ನಿನ್ನ ಅಡುಗೆ ಚೆನ್ನಾಗಿಲ್ಲ" ಅಂತ ಊಟಕ್ಕೆ ಕರೆದವರಿಗೇ ಹೇಳ್ತಾರೆ. ಅಂಥವರ ನಡುವೆ ಬಾಯಿ ಬಿಡದವನು ಎದ್ದು ಕಾಣ್ತಾನೆ. ನಮ್ಮಲ್ಲಿ ಅಪ್ಪಂದಿರನ್ನ ಹಿಡಿದು ಆ 14 ಪ್ರಶ್ನೆ ಕೇಳಿದರೆ ಮೌನದ ಏಳರಲ್ಲಿ ಎಲ್ಲರೂ ಫಸ್ಟ್ ಕ್ಲಾಸ್. ಅದು ಸ್ವಭಾವವೋ, ಗಂಡಸು ಅಂದರೆ ಹೀಗಿರಬೇಕು ಅಂತ ಬೆಳೆಸಿದ್ದೋ ಯಾರಿಗೆ ಗೊತ್ತು.

---

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 7:40

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ಹದಿನಾಲ್ಕು ವರ್ಷ ಆಯ್ತು ಹಾರ್ಟಿನ ವಾರ್ಡಿನಲ್ಲಿ, ನನ್ನದೂ ಒಂದು ಮಾತು ಉಂಟು.

ಅಕ್ಕ, ಅಪ್ಪನ ಹತ್ರ "ಹೇಗಿದ್ದೀರಿ?" ಅಂತ ಕೇಳುದೇ ಬೇಡ. ಅವರಿಗೆ ಗೊತ್ತಿರುವುದು ಒಂದೇ ಉತ್ತರ, "ಪರವಾಗಿಲ್ಲ". ಐಸಿಯುನಲ್ಲಿ ಮಾಸ್ಕ್ ಹಾಕಿ ಮಲಗಿದವರೂ ನನಗೆ ಕೈಸನ್ನೆಯಲ್ಲಿ ಪರವಾಗಿಲ್ಲ ಹೇಳಿದ್ದುಂಟು. ಲೆಕ್ಕ ಕೇಳಿ. ನಿನ್ನೆ ರಾತ್ರಿ ದಿಂಬು ಎಷ್ಟು ಇಟ್ಕೊಂಡ್ರಿ? ಒಂದಿದ್ದದ್ದು ಎರಡಾಯ್ತಾ, ಎರಡಿದ್ದದ್ದು ಮೂರಾಯ್ತಾ? ರಾತ್ರಿ ಎಷ್ಟು ಸಲ ಎದ್ದು ಕೂತ್ರಿ? ಬಚ್ಚಲಿಗೆ ಹೋಗಿ ಬರುವಾಗ ಮಧ್ಯದಲ್ಲಿ ನಿಂತ್ರಾ? ಮೇಷ್ಟ್ರು ಅಂದ್ರಿ ಅಲ್ವಾ, ಲೆಕ್ಕ ಕೇಳಿದರೆ ಸುಳ್ಳು ಹೇಳುದಿಲ್ಲ ಅವರು.

ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಐದು ಎಣಿಸಿ ಬಿಡಿ. ಗುಂಡಿ ಹಾಗೇ ಉಳಿದ್ರೆ ನೀರು ನಿಂತಿದೆ ಅಂತ ಲೆಕ್ಕ. ಕಾಲು ಊದುವ ಮೊದಲೇ ತೂಕ ಹೇಳ್ತದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ದಿನಾ ಅದೇ ತರದ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೇಜಿ ಏರಿದರೆ ಅದು ಬೊಜ್ಜಲ್ಲ, ನೀರು. ಆ ದಿನವೇ ಡಾಕ್ಟರಿಗೆ ಫೋನ್. ನೀರಿನ ಮಾತ್ರೆ (ಮೈಯ ನೀರನ್ನು ಮೂತ್ರದಲ್ಲಿ ಇಳಿಸುವುದು) ಹೆಚ್ಚು ಕಮ್ಮಿ ಮಾಡುದು ಅವರು ಹೇಳಿದ ಮೇಲೆ, ನಾವೇ ಅಲ್ಲ.

ಸ್ವಭಾವದ ವಿಷಯ ಕೇಳಿದ್ರೆ, ಸುಮ್ಮನಿರುವವರು ಮಾತ್ರ ಕಷ್ಟ ಅಂತ ತಿಳ್ಕೊಳ್ಬೇಡಿ. ಹೆದರುವವರು ವಾರಕ್ಕೊಮ್ಮೆ ಓಡಿ ಬರ್ತಾರೆ, ನಮಗೆ ಬೈಗುಳ ಬಾಯಿಗೆ ಬರ್ತದೆ, ಆದ್ರೆ ಅವರ ನೀರು ಒಂದು ಕೇಜಿ ಇರುವಾಗಲೇ ಸಿಕ್ಕಿಬೀಳ್ತದೆ. ಅತೀ ಶಿಸ್ತಿನವರು ಇನ್ನೊಂದು ತರ. ಡಾಕ್ಟರು ದಿನಕ್ಕೆ ಒಂದೂವರೆ ಲೀಟರ್ ಸಾಕು ಅಂದ್ರೆ ಅರ್ಧ ಲೀಟರಿಗೆ ಇಳಿಸಿ, ಮೇಲಿಂದ ನೀರಿನ ಮಾತ್ರೆಯೂ ನುಂಗಿ, ಬಿಪಿ ಬಿದ್ದು ತಲೆಸುತ್ತಿ ಬರ್ತಾರೆ. ಧೈರ್ಯವಂತರು ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಿಂದು ಬರ್ತಾರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಇವೆರಡೂ ಮೈಯಲ್ಲಿ ಉಪ್ಪು ನೀರು ಹಿಡಿದಿಡ್ತವೆ. ಎರಡು ವಾರ ಕಷ್ಟಪಟ್ಟು ಇಳಿಸಿದ್ದು ನಾಲ್ಕು ದಿನದಲ್ಲಿ ವಾಪಸ್.

ನಿದ್ದೆ ಬರ್ತಾ ಉಂಟು. ಆಮೇಲೆ ಬರ್ತೇನೆ.

---

ಅರಸೀಕೆರೆ ತೆಂಗು · ಮಂಗಳವಾರ, ರಾತ್ರಿ 9:10

ದಿಂಬಿನ ಪ್ರಶ್ನೆ ಇವತ್ತೇ ಕೇಳಿದೆ. ಒಂದು ನಿಮಿಷ ಸುಮ್ಮನಿದ್ದು "ಎರಡು. ಮೊದಲನೇದು ಗಟ್ಟಿ" ಅಂದರು. ಇಷ್ಟು ವಿವರವಾಗಿ ಅವರು ಕಾಯಿಲೆ ಬಗ್ಗೆ ಮಾತಾಡಿದ್ದು ಇದೇ ಮೊದಲು ಅನಿಸುತ್ತೆ, ಓದಿ ನಗಬೇಡಿ.

ಈಗ ಜಗಳ ಇರೋದು ಅಮ್ಮನ ಜೊತೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲಾ ಬೀಗ ಹಾಕಿಟ್ಟಿದ್ದಾರೆ. ಅಪ್ಪ ಬಾಯಿಬಿಟ್ಟು ಕೇಳೋದಿಲ್ಲ, ಊಟ ಅರ್ಧಕ್ಕೆ ಬಿಟ್ಟು ಏಳ್ತಾರೆ. ಹಗಲೆಲ್ಲ ಮಂಕಾಗಿ ಕೂತಿರ್ತಾರೆ. ಇದು ಅವರ ಮಾಮೂಲಿ ಮೌನವಾ, ಡಿಪ್ರೆಶನ್ನಾ, ಹೇಗೆ ಗೊತ್ತಾಗೋದು? ಇನ್ನೊಂದು, ಹೊಸದಾಗಿ ಬರೆದಿರೋ ಒಂದು ಮಾತ್ರೆಯನ್ನ ಶುಗರ್ ಮಾತ್ರೆ ಅಂತ ಅಂಗಡಿಯವನು ಹೇಳಿದ. ಅಪ್ಪನಿಗೆ ಶುಗರ್ ಇಲ್ಲ. ಅದನ್ನ ತೆಗೆದು ಪಕ್ಕಕ್ಕೆ ಇಟ್ಟಿದ್ದಾರೆ.

---

ಪಂಪಿಂಗ್ 25 · ಮಂಗಳವಾರ, ರಾತ್ರಿ 9:25

ಆ ಗುಳಗಿ ಬಿಡಬ್ಯಾಡ್ರಿ! ನಾನೂ ಹಿಂಗ ಮಾಡಿ ಎರಡು ತಿಂಗಳ ತಗೊಂಡಿಲ್ಲ. ನಗೂ ಮಂದಿದು ಇದ ನೋಡ್ರಿ ರೋಗ, "ಏನಾಗತೈತಿ ಬಿಡ" ಅಂತೀವಿ. ಡಾಕ್ಟರ್ ಮುಂದ ಜೋಕ್ ಹೊಡದ ಎದ್ದ ಬರ್ತೀವಿ, ಗುಳಗಿ ತಗೋತೀರೇನು ಅಂತ ಕೇಳಾಕ ಅವರಿಗೆ ಪುರಸೊತ್ತು ಸಿಗೂದಿಲ್ಲ. ಮೂಕ ಮಂದಿ ಒಂದ ನಮೂನಿ ಮುಚ್ಚತಾರ, ನಾವು ಇನ್ನೊಂದ ನಮೂನಿ.

---

ಪಿಜಿ ಎರಡನೇ ವರ್ಷ · ಬುಧವಾರ, ಮಧ್ಯರಾತ್ರಿ 12:50

ಮೆಡಿಸಿನ್ ಪಿಜಿ ಮಾಡ್ತಿದ್ದೀನಿ. ಚೀಟಿ ನೋಡದೆ ನಿಮ್ಮ ತಂದೆಗೆ ಇದೇ ಕೊಡಿ ಅಂತ ಹೇಳಲಾರೆ, ಅದು ಅವರ ಡಾಕ್ಟರ ಕೆಲಸ. ಸಾಮಾನ್ಯವಾಗಿ ಗೊತ್ತಿರಬೇಕಾದ್ದು ಹೇಳ್ತೀನಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಶುರುವಾದದ್ದು ಶುಗರ್ ಮಾತ್ರೆಗಳಾಗಿಯೇ. 2019ರಲ್ಲಿ ಪಂಪಿಂಗ್ ಕಡಿಮೆ ಇರೋ 4,744 ರೋಗಿಗಳ ಮೇಲೆ ಡಪಾಗ್ಲಿಫ್ಲೋಜಿನ್ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶುಗರ್ ಇರಲೇ ಇಲ್ಲ, ಅವರಿಗೂ ಅಷ್ಟೇ ಪ್ರಯೋಜನ ಆಯ್ತು. ಹಾಗಾಗಿ ಅದು ಈಗ ಹಾರ್ಟ್ ಮಾತ್ರೆಯೂ ಹೌದು. ನಾಳೆಯೇ ಫೋನ್ ಮಾಡಿ ವಿಚಾರಿಸಿ, ಪಕ್ಕಕ್ಕಿಟ್ಟಿದ್ದನ್ನ ಮುಚ್ಚಿಡಬೇಡಿ.

ಸ್ವಭಾವದ ಚರ್ಚೆಗೆ ನನ್ನ ಪಾಲು. ಕ್ಯಾಂಡಿಸಾರ್ಟನ್ ಅನ್ನೋ ಮಾತ್ರೆಯನ್ನ 7,599 ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಪರೀಕ್ಷೆ ಮಾಡಿದ್ದರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದೇ ತರ ಕಾಣೋ ಖಾಲಿ ಗುಳಿಗೆ. 2005ರಲ್ಲಿ ಆ ಲೆಕ್ಕವನ್ನೇ ಇನ್ನೊಂದು ಕಡೆಯಿಂದ ನೋಡಿದರು: ಕೊಟ್ಟ ಗುಳಿಗೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ತಪ್ಪದೆ ನುಂಗಿದವರು ಯಾರು, ಬಿಟ್ಟವರು ಯಾರು. ತಪ್ಪದೆ ನುಂಗಿದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ. ಔಷಧಿಯವರಲ್ಲಿ ಹಾಗಿದ್ದರೆ ಸರಿ. ಖಾಲಿ ಗುಳಿಗೆ ನುಂಗಿದವರಲ್ಲೂ ಅಷ್ಟೇ ಕಡಿಮೆ! ಸೀಮೆಸುಣ್ಣದಂಥ ಗುಳಿಗೆ ಹಾರ್ಟಿಗೆ ಏನು ಮಾಡೀತು? ದಿನಾ ತಪ್ಪದೆ ಗುಳಿಗೆ ತಗೊಳ್ಳೋ ಮನುಷ್ಯ ಉಪ್ಪನ್ನೂ ನೋಡ್ತಾನೆ, ತೂಕವನ್ನೂ ನೋಡ್ತಾನೆ, ಕರೆದ ದಿನ ಬರ್ತಾನೆ, ಅವನನ್ನ ನೋಡಿಕೊಳ್ಳೋ ಜನ ಮನೆಯಲ್ಲಿರ್ತಾರೆ, ಬಹುಶಃ ಮೊದಲಿಂದಲೇ ಗಟ್ಟಿಯಾಗೂ ಇರ್ತಾನೆ. ಇದರಲ್ಲಿ ಯಾವುದು ಎಷ್ಟು ಅಂತ ಬಿಡಿಸೋದು ಕಷ್ಟ. ಸ್ವಭಾವ ಲೆಕ್ಕಕ್ಕೆ ಬರೋದಿದ್ದರೆ ಇಂಥ ದಾರಿಯಲ್ಲಿ ಬರುತ್ತೆ, ಕೊರಗಿದ್ದಕ್ಕೆ ಶಾಪ ತಟ್ಟಿದ ಹಾಗಲ್ಲ.

ಡಿಪ್ರೆಶನ್: ಹಾರ್ಟ್ ಫೇಲ್ಯೂರ್ ಇರೋ ಐವರಲ್ಲಿ ಸುಮಾರು ಒಬ್ಬರಿಗೆ ಇರುತ್ತೆ. ಗುರುತಿಸೋದು ಕಷ್ಟ, ಯಾಕಂದರೆ ಸುಸ್ತು, ನಿದ್ದೆ ಇಲ್ಲ, ಹಸಿವಿಲ್ಲ, ಇವು ಮೂರೂ ಹಾರ್ಟಿನವೂ ಹೌದು, ಮನಸ್ಸಿನವೂ ಹೌದು. ನಾನು ಕೇಳೋದು, ಮೊದಲು ಇಷ್ಟಪಡ್ತಿದ್ದದ್ದು ಈಗಲೂ ಇಷ್ಟವಾ? ಪೇಪರ್ ಓದ್ತಾರಾ, ಮೊಮ್ಮಕ್ಕಳು ಬಂದರೆ ಮುಖ ಅರಳುತ್ತಾ? ಸ್ವಭಾವದ ಮೌನ ಐವತ್ತು ವರ್ಷದ್ದು. ಎರಡು ತಿಂಗಳಿಂದ ಬಂದಿದ್ದರೆ ಅದು ಸ್ವಭಾವ ಅಲ್ಲ, ಡಾಕ್ಟರಿಗೆ ಹೇಳಬೇಕು. ಬರೀ ಮಾತ್ರೆಯಿಂದ ಸರಿಹೋಗುತ್ತೆ ಅಂತಲೂ ಇಲ್ಲ. ಇಂಥ ರೋಗಿಗಳಿಗೆ ಸರ್ಟ್ರಲಿನ್ ಕೊಟ್ಟು ನೋಡಿದ್ದು 2010ರಲ್ಲಿ, ಎಸಿಟಲೊಪ್ರಾಮ್ 2016ರಲ್ಲಿ, ಎರಡೂ ಖಾಲಿ ಗುಳಿಗೆಗಿಂತ ಮೇಲಾಗಲಿಲ್ಲ. ಕೂತು ಮಾತಾಡಿಸೋ ಚಿಕಿತ್ಸೆ, ಸಿಬಿಟಿ ಅಂತೀವಲ್ಲ, 2015ರ 158 ಜನರ ಪರೀಕ್ಷೆಯಲ್ಲಿ ಮನಸ್ಸಿನ ಮಂಕನ್ನ ಇಳಿಸಿತು. ಆದರೆ ತೂಕ ನೋಡಿಕೊಳ್ಳೋದು, ಉಪ್ಪು ಬಿಡೋದು ಅದರಿಂದ ಸುಧಾರಿಸಲಿಲ್ಲ. ಅದನ್ನ ಬೇರೆಯಾಗೇ ಕಲಿಸಬೇಕು.

ಒಂದು ಗಂಭೀರ ಮಾತು. ತಿರುವನಂತಪುರದಲ್ಲಿ 2013ರಲ್ಲಿ 18 ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದ 1,205 ಹಾರ್ಟ್ ಫೇಲ್ಯೂರ್ ರೋಗಿಗಳ ದಾಖಲೆ ಇಟ್ಟರು. ಸರಾಸರಿ ವಯಸ್ಸು 61, ಪಾಶ್ಚಾತ್ಯ ದೇಶಗಳಿಗಿಂತ ಎಷ್ಟೋ ಚಿಕ್ಕದು. ಒಂದು ವರ್ಷದೊಳಗೆ ಹತ್ತಿರಹತ್ತಿರ ಮೂವರಲ್ಲಿ ಒಬ್ಬರು ಉಳಿಯಲಿಲ್ಲ. ಹೆದರಿಸೋಕೆ ಹೇಳ್ತಿಲ್ಲ. ಹೊಟ್ಟೆಗೆ ಹೋಗೋ ಮಾತ್ರೆ, ದಿನದ ತೂಕ ಇವನ್ನ ಬಿಟ್ಟು ಅವನ ಗುಣ ಹಾಗೆ, ಇವಳ ಗುಣ ಹೀಗೆ ಅಂತ ಕೂತರೆ ಟೈಮ್ ಹೋಗುತ್ತೆ, ಅಷ್ಟಕ್ಕೆ.

---

ಸುಮ್ನೆ ಒಬ್ಬ · ಬುಧವಾರ, ಬೆಳಿಗ್ಗೆ 9:00

ಖಾಲಿ ಗುಳಿಗೆ ವಿಷಯ ಎರಡು ಸಲ ಓದಿದೆ. ಜಾತಕದ ಮಾತು ವಾಪಸ್ ತಗೊಂಡೆ, ಅರ್ಧ.

---

ಬೆಳಗಿನ ವಾಕಿಂಗ್ · ಬುಧವಾರ, ಬೆಳಿಗ್ಗೆ 10:30

ಹುಬ್ಬಳ್ಳಿಯವರು ಹೇಳಿದ್ದು ನಾಟಿತು. ನಮ್ಮ ಕೂಟದಲ್ಲಿ ಮೊದಲು ಹದಿನಾಲ್ಕು ಜನ ಇದ್ದೆವು. ಬರದೇ ಹೋದ ಮೂವರನ್ನು ನಾನು ಎಣಿಸಿಯೇ ಇರಲಿಲ್ಲ. ನಡಿಗೆಯಾದರೂ ಒಳ್ಳೆಯದೋ ಅಲ್ಲವೋ?

---

ಪಿಜಿ ಎರಡನೇ ವರ್ಷ · ಬುಧವಾರ, ರಾತ್ರಿ 11:30

ಒಳ್ಳೆಯದೇ ಸರ್. 2009ರಲ್ಲಿ 2,331 ರೋಗಿಗಳ ದೊಡ್ಡ ಅಧ್ಯಯನದಲ್ಲಿ, ಕಾಯಿಲೆ ಹತೋಟಿಯಲ್ಲಿ ಇರುವವರಿಗೆ ವ್ಯಾಯಾಮ ಅಪಾಯ ಅಲ್ಲ ಅಂತ ಗೊತ್ತಾಯ್ತು. ಮನಸ್ಸಿನ ಮಂಕೂ ಸ್ವಲ್ಪ ಇಳಿಯಿತು. ಡಾಕ್ಟರನ್ನ ಕೇಳಿ, ಮಾತಾಡ್ತಾ ನಡೆಯೋಕೆ ಆಗುವಷ್ಟು ವೇಗದಲ್ಲಿ. ಮಾತು ತುಂಡಾದರೆ ನಿಲ್ಲಬೇಕು. ಮಾತೇ ಆಡದವರ ಜೊತೆ ಯಾರಾದರೂ ಮಾತುಗಾರರು ಹೋಗಬೇಕು, ನಿಮ್ಮಂಥವರು.

---

ಅರಸೀಕೆರೆ ತೆಂಗು · ನಾಲ್ಕು ವಾರದ ನಂತರ, ಶನಿವಾರ, ಸಂಜೆ 6:15

ಹೇಗಿದ್ದಾರೆ ಅಂತ ಮೆಸೇಜ್ ಮಾಡಿದವರಿಗೆಲ್ಲ ಸೇರಿಸಿ ಬರೀತಿದ್ದೀನಿ.

ಆ ಮಾತ್ರೆ ಹಾರ್ಟಿಗೇ ಬರೆದಿದ್ದು ಅಂತ ಡಾಕ್ಟರು ಫೋನಲ್ಲೇ ಹೇಳಿದರು, ಈಗ ತಗೊಳ್ತಿದ್ದಾರೆ. ತೂಕದ ಮಿಷನ್ ತಂದು ದೇವರ ಮನೆ ಪಕ್ಕ ಇಟ್ಟೆ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರದ ಕೆಳಗೆ ಇರೋ ಜಾಗದಲ್ಲಿ ಬರೆಯಿರಿ ಅಂದೆ. ಯಾಕೆ ಏನು ಅಂತ ಕೇಳಲಿಲ್ಲ. ಮರುದಿನ ನೋಡಿದರೆ ಕೆಂಪು ಇಂಕಿನಲ್ಲಿ, ಮಾರ್ಕ್ಸ್ ಕೊಟ್ಟ ಹಾಗೆ, 61.2, ಕೆಳಗೊಂದು ಗೆರೆ. ಒಂದು ದಿನವೂ ತಪ್ಪಿಲ್ಲ. ಅಮ್ಮ ಹಪ್ಪಳಕ್ಕೆ ಬೀಗ ಹಾಕೋದು ಬಿಟ್ಟಿದ್ದಾರೆ. ಸಾರಿಗೆ ಹುಣಸೆಹಣ್ಣು, ಮೆಣಸು, ಬೆಳ್ಳುಳ್ಳಿ ಜಾಸ್ತಿ ಮಾಡಿ ಉಪ್ಪು ಇಳಿಸಿದ್ದಾರೆ. ಅಪ್ಪ ಊಟ ಮುಗಿಸಿಯೇ ಏಳ್ತಾರೆ.

ಇಲ್ಲಿ ಹೇಳಬೇಕು ಅನಿಸಿದ್ದು ಹೋದ ಗುರುವಾರದ್ದು. ಮಂಗಳವಾರ 61.4 ಇತ್ತು, ಬುಧವಾರ 62.3. ಗುರುವಾರ 63.5 ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎರಡು ಪದ: "ಚಪ್ಪಲಿ ಬಿಗಿ". ನನಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ, ಗೋಡೆಗೆ ಹೇಳಿದ್ದಾರೆ. ಕಾಫಿ ಕೊಡೋಕೆ ಹೋದ ಅಮ್ಮ ನೋಡಿ ನನಗೆ ಫೋನ್ ಮಾಡಿದರು, ನಾನು ಡಾಕ್ಟರಿಗೆ. ಹಿಂದಿನ ಭಾನುವಾರ ಮದುವೆ ಊಟ, ಸೋಮವಾರ ಅಲ್ಲಿಂದ ಕಟ್ಟಿಕೊಂಡು ಬಂದ ಪುಳಿಯೋಗರೆ. ಮೂರು ದಿನ ನೀರಿನ ಮಾತ್ರೆ ಹೆಚ್ಚಿಸಿ ಅಂದರು. ಇವತ್ತು 61.6. ಅಡ್ಮಿಟ್ ಆಗಲಿಲ್ಲ.

ದೊಡ್ಡಪ್ಪ ನಿನ್ನೆ ಬಂದಿದ್ದರು. ಕ್ಯಾಲೆಂಡರ್ ನೋಡಿ "ಇದೇನೋ ಲೆಕ್ಕ?" ಅಂದರು. ಅಪ್ಪ "ಹಾಜರಿ" ಅಂದರು.

---

ರಾತ್ರಿಪಾಳಿ · ಶನಿವಾರ, ಸಂಜೆ 7:02

ಅಯ್ಯೋ, ಕಣ್ಣಲ್ಲಿ ನೀರು ಬಂತು ಮಾರಾಯ್ತಿ. ನಮ್ಮ ವಾರ್ಡಿನಲ್ಲಿ ಈ ಕ್ಯಾಲೆಂಡರ್ ಕಥೆ ಹೇಳ್ತೇನೆ, ಹೆಸರು ಹೇಳುದಿಲ್ಲ.

---

ಪಂಪಿಂಗ್ 25 · ಶನಿವಾರ, ರಾತ್ರಿ 8:48

ಛಲೋ ಆತು ತಂಗೀ. ಮಾಸ್ತರಿಗೆ ಹೊಸಾ ಚಪ್ಪಲ್ ಕೊಡಸು. ಅಳತಿಗೆ ಸರಿಯಾಗಿರಲಿ, ಒಂದು ನಂಬರ್ ದೊಡ್ಡದು ತರಬ್ಯಾಡ.